ಸರ್ ತಾವೇ ಬರೆದ ಒಂದು ಪತ್ರ

ಕಳೆದ ತಿಂಗಳು ಸರ್ ತೀರಿಕೊಂಡರು. ಸುದ್ದಿ ಬಂದದ್ದು ನಮ್ಮ ಎಂ.ಎಸ್ಸಿ. ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ. ಒಂದು ಗಂಟೆಯೊಳಗೆ ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ನಾನು ಹಾಕಲಿಲ್ಲ. ಮುಂಬೈಯ ಪವಾಯಿಯಲ್ಲಿ ನನ್ನ ಆಫೀಸಿನ ಕ್ಯಾಂಟೀನಿನಲ್ಲಿ ಕೂತಿದ್ದೆ, ತಟ್ಟೆಯಲ್ಲಿ ಅರ್ಧ ಊಟ ಉಳಿದಿತ್ತು, ಅದನ್ನು ಪೂರ್ತಿ ಉಂಡೆ. ಸತ್ತವರನ್ನು ಬಯ್ಯಬಾರದು ಎಂದು ಅಮ್ಮ ಹೇಳುತ್ತಾಳೆ. ಅಮ್ಮ ಬದುಕಿದ್ದವರನ್ನೂ ಬಯ್ಯುವವಳಲ್ಲ, ಹಾಗಾಗಿ ಈ ವಿಷಯದಲ್ಲಿ ಅವಳ ಮಾತನ್ನು ನಾನು ಕೇಳುವುದಿಲ್ಲ.

ಮಾಟುಂಗದ ಒಂದು ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ನಾನಾಗಿ ಹೋಗುವವಳಲ್ಲ. ಅಪ್ಪ ಬಿಡಲಿಲ್ಲ. "ಎಷ್ಟಾದ್ರೂ ಕಲಿಸಿದ ಸರ್ ಅಲ್ವಾ? ಹೋಗದಿದ್ರೆ ಜನ ಎಂತ ಹೇಳ್ತಾರೆ?" ಎಂದು ತಾವೇ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು. ಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು, ಸರ್ ಎಷ್ಟು ಮಕ್ಕಳನ್ನು ವಿದೇಶಕ್ಕೆ ಕಳಿಸಿದರು, ಎಷ್ಟು ಮನೆಗಳ ದೀಪ ಹಚ್ಚಿದರು ಎಂದು ಹೇಳಿದರು. ಆಮೇಲೆ ಪರದೆಯ ಮೇಲೆ ಹಳೆಯ ವಿದ್ಯಾರ್ಥಿಗಳ ವಿಡಿಯೋಗಳು ಬಂದವು. ನನ್ನ ಸಹಪಾಠಿ ಪ್ರಸಾದ್‌ನದೂ ಬಂತು. ಮೀರಾ ರೋಡಿನ ಹುಡುಗ, ಈಗ ಸ್ವೀಡನ್ನಿನಲ್ಲಿದ್ದಾನೆ, ಹಿಂದೆ ಹಿಮ ಕಾಣುತ್ತಿತ್ತು.

"ಸರ್ ಅಂದ್ರೆ ನಮ್ಗೆ ಫಾದರ್ ಇದ್ದ ಹಾಗೆ" ಎಂದು ಅವನು ತಡವರಿಸುವ ಕನ್ನಡದಲ್ಲಿ ಹೇಳಿದ. "ಲ್ಯಾಬ್‌ನಲ್ಲಿ ಆಗ್ ಲಗೀ ಥೀ ನಾ, ಆವಾಗ ನಾನು ಎಷ್ಟು ಶಾಂತ ಇದ್ದೆ ಅಂತ ಸರ್ ಲೆಟರ್‌ನಲ್ಲಿ ಬರ್ದಿದ್ರು. ಆ ಲೆಟರ್ ಈಗ್ಲೂ ನನ್ ಹತ್ರ ಇದೆ. ಅದಿಲ್ದಿದ್ರೆ ನಾನು ಇಲ್ಲಿ ಇರ್ತಾನೇ ಇರ್ಲಿಲ್ಲ."

ಸಭೆಯಲ್ಲಿ ಮೂಗು ಒರೆಸುವ ಸದ್ದು ಕೇಳಿತು. ಲ್ಯಾಬಿಗೆ ಬೆಂಕಿ ಹತ್ತಿದ ದಿನ ಪ್ರಸಾದ್ ಲ್ಯಾಬಿನಲ್ಲೇ ಇರಲಿಲ್ಲ, ಕೆಳಗೆ ಗೇಟಿನ ಹತ್ತಿರ ಕಟಿಂಗ್ ಚಹಾ ಕುಡಿಯುತ್ತಿದ್ದ. ಆ ಪತ್ರ ಬರೆದದ್ದು ಸರ್ ಅಲ್ಲ, ನಾನು. ಇದು ಅವನಿಗೆ ಚೆನ್ನಾಗಿ ಗೊತ್ತು. ಈಗ ಮರೆತೂ ಇರಬಹುದು, ಹಿಮದಲ್ಲಿ ಏನೇನು ಮರೆಯುತ್ತದೋ.

ಸಭೆ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿಗಳು ನನ್ನ ಹತ್ತಿರ ಬಂದು, "ನೀವು ಸರ್‌ಗೆ ಬಹಳ ಬೇಕಾದವರಂತೆ, ಎರಡು ಮಾತು ಹೇಳಿ" ಎಂದರು. ಗಂಟಲು ಸರಿಯಿಲ್ಲ ಎಂದೆ. ಗಂಟಲಿಗೆ ಏನೂ ಆಗಿರಲಿಲ್ಲ. ಆ ಎರಡು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ, ಎರಡಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಕೆನಡಾಕ್ಕೆ ಓದಲು ಹೋಗಬೇಕಾಗಿದ್ದ ನಾನು ಹೋಗದೆ ಉಳಿದದ್ದು ಅವರಿಂದ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ನಾಟಕ ಮಾಡುವುದು ತಪ್ಪುತ್ತದೆ.

ಸರ್ ಧಾರವಾಡದ ಕಡೆಯವರು. ಮುಂಬೈಗೆ ಬಂದು ಮೂವತ್ತು ವರ್ಷ ಕಳೆದಿದ್ದರೂ ಮಾತು ಮಾತ್ರ ಊರಿನದೇ. ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮುಖ್ಯಸ್ಥರು. ಕುಳ್ಳಗೆ, ದುಂಡಗೆ, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನೀಲಿಯದು ಬರೆಯಲು, ಹಸಿರಿನದು ಸಹಿ ಹಾಕಲು. ನೀಲಿ ಪೆನ್ನಿನ ಕ್ಯಾಪು ತೆಗೆದದ್ದನ್ನು ನಾನು ನೋಡಿದ್ದು ಅಪರೂಪ. ಹಸಿರು ಪೆನ್ನಿಗೆ ಬಿಡುವೇ ಇರಲಿಲ್ಲ. ಸಹಿ ಮಾಡುವ ಮುಂಚೆ ಬಲಗೈಯನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿಸುತ್ತಿದ್ದರು, ದೋಸೆ ಕಲ್ಲಿನ ಮೇಲೆ ಹಿಟ್ಟು ಹೊಯ್ಯುವವರ ಹಾಗೆ. ಸಹಿ ಮುಗಿದ ಮೇಲೆ ಅದನ್ನು ದೂರ ಹಿಡಿದು ತಾವೇ ಒಂದು ಸಲ ನೋಡಿಕೊಳ್ಳುತ್ತಿದ್ದರು.

"ನನ್ನ ಸಹಿ ಏಳು ಸಮುದ್ರ ದಾಟೇದ, ನಾ ಮಾತ್ರ ಇನ್ನೂ ವಾಶಿ ಖಾಡಿ ದಾಟಿಲ್ಲ ನೋಡ್ರಿ" ಎನ್ನುವುದು ಅವರ ಮಾಮೂಲಿ ತಮಾಷೆ. ವಾಶಿ ಖಾಡಿ ಅಂದರೆ ಮುಂಬೈಯ ಅಂಚಿನಲ್ಲೇ ಇರುವ ಸಮುದ್ರದ ಹಿನ್ನೀರು. ಪ್ರತಿ ಬೀಳ್ಕೊಡುಗೆಯಲ್ಲೂ ಹೇಳುತ್ತಿದ್ದರು, ಪ್ರತಿ ಸಲವೂ ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅವರಿಗೆ ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸೀಟು ಸಿಕ್ಕಿತ್ತು, ಮನೆಯ ತೊಂದರೆಯಿಂದ ಹೋಗಲಾಗಲಿಲ್ಲ, ಆ ನೋವಿನಿಂದಲೇ ಬೇರೆ ಮಕ್ಕಳನ್ನು ಕಳಿಸುತ್ತಾರೆ ಎಂದು ಒಬ್ಬರು ಸಭೆಯಲ್ಲಿ ಹೇಳಿದರು. ಇರಬಹುದು. ಹೋಗಲಾಗದೆ ಉಳಿದವರು ಆಂಟಾಪ್ ಹಿಲ್‌ನ ನಮ್ಮ ಒಂದು ಬಿಲ್ಡಿಂಗಿನಲ್ಲೇ ಹತ್ತು ಜನ ಸಿಗುತ್ತಾರೆ, ಯಾರೂ ಅದನ್ನು ಹೇಳಿಕೊಂಡು ದೊಡ್ಡವರಾಗಿಲ್ಲ.

ಅವರ ಕ್ಯಾಬಿನ್ನಿನಲ್ಲಿ ಒಂದು ಗಾಜಿನ ಕಪಾಟು ಇತ್ತು. ವಿದೇಶಕ್ಕೆ ಹೋದ ಮಕ್ಕಳು ರಜೆಗೆ ಬಂದಾಗ ತಂದುಕೊಟ್ಟ ವಸ್ತುಗಳೆಲ್ಲ ಅದರಲ್ಲಿ. ವಿಶ್ವವಿದ್ಯಾಲಯಗಳ ಹೆಸರಿದ್ದ ಮಗ್ಗುಗಳು, ಒಂದು ಸಣ್ಣ ಕರಡಿ, ಒಂದು ಗಡಿಯಾರದ ಗೋಪುರ. ಆ ಮಗ್ಗುಗಳಲ್ಲಿ ಅವರು ಒಂದು ದಿನವೂ ಚಹಾ ಕುಡಿಯಲಿಲ್ಲ, ಅವರದು ಸ್ಟೀಲ್ ಲೋಟ. ಚಾಕೊಲೇಟು ಬಂದರೆ ಮನೆಗೆ ಹೋಗುತ್ತಿತ್ತು, ಡಬ್ಬಿ ಲ್ಯಾಬಿಗೆ ಬರುತ್ತಿತ್ತು. ಸ್ವಿಟ್ಜರ್ಲೆಂಡಿನ ಡಬ್ಬಿಯಲ್ಲಿ ರಬ್ಬರ್ ಬಿರಡೆ, ಬೆಲ್ಜಿಯಂ ಡಬ್ಬಿಯಲ್ಲಿ ಫಿಲ್ಟರ್ ಪೇಪರು. ಹೊಸ ಮಕ್ಕಳಿಗೆ ಆ ಕಪಾಟನ್ನು ತೋರಿಸದೆ ಅವರು ಮಾತು ಶುರು ಮಾಡುತ್ತಿರಲಿಲ್ಲ.

ನವೆಂಬರ್ ಬಂತೆಂದರೆ ಪತ್ರದ ಸೀಸನ್. ವಿದೇಶದ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೂ ಪಾಠ ಹೇಳಿದವರ ಶಿಫಾರಸು ಪತ್ರ ಬೇಕು, ಎರಡೋ ಮೂರೋ. ಮುಖ್ಯಸ್ಥರದು ಒಂದಿದ್ದರೆ ತೂಕ ಹೆಚ್ಚು ಎಂದು ಎಲ್ಲರ ನಂಬಿಕೆ. ಕ್ಯಾಬಿನ್ನಿನ ಹೊರಗಿನ ಬೆಂಚಿನಲ್ಲಿ ಮಕ್ಕಳು ಸಾಲಾಗಿ ಕೂರುತ್ತಿದ್ದರು. ಸರ್ ಒಳಗೆ ಪತ್ರಿಕೆ ಓದುತ್ತಿರುತ್ತಿದ್ದರು. ಒಬ್ಬೊಬ್ಬರನ್ನೇ ಕರೆದಾಗ ಕನ್ನಡಕ ತೆಗೆದು, ಕಣ್ಣು ಒತ್ತಿಕೊಂಡು, ಕ್ಯಾಲೆಂಡರ್ ನೋಡುತ್ತಿದ್ದರು. ಕೊನೆಯ ದಿನ ಹತ್ತಿರ ಬಂದದ್ದು ಎದುರಿಗಿದ್ದವರ ತಪ್ಪು ಎನ್ನುವ ಹಾಗಿರುತ್ತಿತ್ತು ಆ ನೋಟ. ಕೊನೆಗೆ ಅದೇ ಮಾತು: "ನೀನ ಬರಕೊಂಡ ಬಾ, ನಾ ಸಹಿ ಮಾಡ್ತೀನಿ. ನಿನ್ನ ಬಗ್ಗೆ ನಿನಗ ಗೊತ್ತಿರೋದು ನನಗೇನ ಗೊತ್ತಿರ್ತದ?"

ಇದು ಅವರೊಬ್ಬರ ಪದ್ಧತಿಯಲ್ಲ. ನಮ್ಮ ಕಾಲೇಜುಗಳಲ್ಲಿ ಬಹಳ ಮೇಷ್ಟ್ರುಗಳು ಹೀಗೇ ಮಾಡುತ್ತಾರೆ, ಅದರಲ್ಲಿ ಯಾರಿಗೂ ಕೆಟ್ಟದ್ದು ಕಾಣುವುದಿಲ್ಲ. ತನ್ನ ಹೊಗಳಿಕೆಯನ್ನು ತಾನೇ ಬರೆದು ತಂದರೆ ದೊಡ್ಡವರು ಅದಕ್ಕೆ ಸಹಿ ಹಾಕುತ್ತಾರೆ. ಸರ್ ಅದಕ್ಕೆ ಒಂದಿಷ್ಟು ಸೇವೆಯನ್ನೂ ಸೇರಿಸಿದ್ದರು. ಉಲ್ಲಾಸನಗರದಿಂದ ಬರುತ್ತಿದ್ದ ಒಬ್ಬಳು ಅವರ ಹೆಂಡತಿಯ ಸೀರೆಗಳಿಗೆ ಫಾಲ್ ಹಚ್ಚಿಸಲು ಮೂರು ಸಲ ದಾದರ್ ಮಾರ್ಕೆಟ್ಟಿಗೆ ಹೋಗಿ ಬಂದಳು. ಬಣ್ಣ ಹೊಂದಲಿಲ್ಲ ಎಂದು ಒಂದನ್ನು ಬಿಚ್ಚಿಸಿಕೊಂಡು ಬರಲೂ ಹೇಳಿದ್ದರು. ಅವಳು ಈಗ ಆಸ್ಟ್ರೇಲಿಯಾದಲ್ಲಿ ಒಳ್ಳೆಯ ಹೆಸರು ಮಾಡಿದ್ದಾಳೆ. ಸಭೆಗೆ ಅವಳ ವಿಡಿಯೋ ಬಂದಿರಲಿಲ್ಲ.

ಪಾಠ ಚೆನ್ನಾಗಿ ಮಾಡುತ್ತಿದ್ದರು, ಅದನ್ನು ಒಪ್ಪಬೇಕು. ಬೋರ್ಡಿನ ಎಡ ಮೂಲೆಯಲ್ಲಿ ಒಂದು ಅಣು ಬರೆದು, ಅದರ ಒಂದೊಂದೇ ಕೊಂಡಿಯನ್ನು ಬಿಡಿಸಿ, ಗಂಟೆ ಬಾರಿಸುವ ಹೊತ್ತಿಗೆ ಬಲ ಮೂಲೆಯಲ್ಲಿ ಬೇರೆಯದೇ ಅಣು ನಿಲ್ಲಿಸುತ್ತಿದ್ದರು. ನಡುವೆ ಒಂದು ಗೆರೆಯನ್ನೂ ಒರೆಸುತ್ತಿರಲಿಲ್ಲ. ನಾನು ರಸಾಯನಶಾಸ್ತ್ರವನ್ನು ಪ್ರೀತಿಸಲು ಕಲಿತದ್ದು ಆ ಬೋರ್ಡಿನ ಮುಂದೆಯೇ. ಅವರ ಮೇಲಿನ ಸಿಟ್ಟಿನಲ್ಲಿ ಇದನ್ನು ಬಿಟ್ಟುಬಿಡೋಣ ಅನ್ನಿಸಿತ್ತು, ಮನಸ್ಸು ಬರಲಿಲ್ಲ.

ನಾನು ಅವರ ಕಣ್ಣಿಗೆ ಬಿದ್ದದ್ದು ಒಂದು ರಜೆ ಅರ್ಜಿಯಿಂದ. ಅಜ್ಜಿ ತೀರಿಕೊಂಡಾಗ ಊರಿಗೆ ಹೋಗಲು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟಿದ್ದೆ. ವಾಪಸು ಬಂದ ದಿನ ಕರೆಸಿದರು. ಸಮಾಧಾನದ ಮಾತು ಹೇಳುತ್ತಾರೆಂದುಕೊಂಡು ಒಳಗೆ ಹೋದೆ.

"ಏನವಾ, ಸಾವಿನ ಸುದ್ದೀನ ಇಷ್ಟು ಚೊಲೋ ಬರದೀಯಲ್ಲ! ಯಾರು ಕಲಿಸಿದ್ರು ನಿನಗ ಇಂಗ್ಲಿಷು?" ಎಂದರು. ಎದುರಿಗಿದ್ದ ಕಂಪ್ಯೂಟರಿನ ಕುರ್ಚಿ ತೋರಿಸಿ, "ಕೂಡು. ಇವೆರಡು ಪತ್ರ ಸ್ವಲ್ಪ ತಿದ್ದು" ಎಂದರು.

ಅಲ್ಲಿಂದ ಎರಡು ವರ್ಷ ನಾನು ಅವರ ಕೈಯಾದೆ. ಮಕ್ಕಳು ಬರೆದು ತಂದದ್ದನ್ನು ತಿದ್ದುವುದು ಮೊದಲು, ಆಮೇಲೆ ನಾನೇ ಮೊದಲಿನಿಂದ ಬರೆಯುವುದು. ಈಗೆಲ್ಲ ಪತ್ರವನ್ನು ಕಾಗದದಲ್ಲಿ ಕೊಡುವುದಿಲ್ಲ. ವಿಶ್ವವಿದ್ಯಾಲಯದವರು ಮೇಷ್ಟ್ರ ಇಮೇಲಿಗೆ ಒಂದು ಲಿಂಕ್ ಕಳಿಸುತ್ತಾರೆ, ಅವರು ತಾವೇ ತೆರೆದು, ಪ್ರಶ್ನೆಗಳಿಗೆ ಉತ್ತರ ತುಂಬಿ, ಪತ್ರ ಹಾಕಬೇಕು. ವಿದ್ಯಾರ್ಥಿ ಅದನ್ನು ನೋಡಬಾರದು ಎಂಬುದೇ ಅದರ ಉದ್ದೇಶ. ಸರ್ ತಮ್ಮ ಇಮೇಲಿನ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ನನಗೆ ಕೊಟ್ಟುಬಿಟ್ಟರು. ಸ್ಕ್ಯಾನ್ ಮಾಡಿದ ಅವರ ಹಸಿರು ಸಹಿಯೂ ಕಂಪ್ಯೂಟರಿನಲ್ಲೇ ಇತ್ತು. "ಈ ಹುಡುಗ ನೀವು ಕಂಡವರಲ್ಲಿ ಎಂಥವನು" ಎಂಬ ಪ್ರಶ್ನೆ ಬಂದಾಗ, ಅತ್ಯುತ್ತಮದಿಂದ ಹಿಡಿದು ಕೆಳಗಿನವರೆಗೆ ಇದ್ದ ಉತ್ತರಗಳಲ್ಲಿ ಯಾವುದನ್ನು ಒತ್ತಲಿ ಎಂದು ಕೇಳಿದೆ. ಪತ್ರಿಕೆಯಿಂದ ತಲೆ ಎತ್ತದೆ, "ಎಲ್ಲಾರಿಗೂ ಮೊದಲನೇದ ಒತ್ತು, ಪಾಪ ಹೋಗಲಿ" ಎಂದರು.

ನಾನು ಮನಸ್ಸಿಟ್ಟು ಬರೆಯುತ್ತಿದ್ದೆ. ಶ್ರದ್ಧಾವಂತ, ಪರಿಶ್ರಮಿ ಎಂಬ ಮಾತುಗಳನ್ನು ಯಾರೂ ನಂಬುವುದಿಲ್ಲ, ಒಂದು ಘಟನೆ ಬೇಕು ಎಂದು ನನಗೆ ಬೇಗ ತಿಳಿಯಿತು. ಹಾಗಾಗಿ ಎಲ್ಲರಿಗೂ ಒಂದೊಂದು ಘಟನೆ ಹುಡುಕುತ್ತಿದ್ದೆ. ಪ್ರಸಾದ್‌ಗೆ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಒಳ್ಳೆಯ ಹುಡುಗ, ಆದರೆ ಅವನ ಬಗ್ಗೆ ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಕೊನೆಗೆ ನನ್ನದನ್ನೇ ಅವನಿಗೆ ಕೊಟ್ಟೆ. ಅಸಿಟೋನಿಗೆ ಬೆಂಕಿ ತಾಗಿ ಮೇಜು ಉರಿಯತೊಡಗಿದಾಗ ಎಲ್ಲರೂ ಬಾಗಿಲಿಗೆ ಓಡಿದ್ದರು, ಸರ್ ಎಲ್ಲರಿಗಿಂತ ಮುಂದಿದ್ದರು. ಕೆಂಪು ಬಕೆಟ್ಟಿನ ಮರಳು ಸುರಿದು ಆರಿಸಿದವಳು ನಾನು. ಪತ್ರದಲ್ಲಿ ಆರಿಸಿದವನು ಪ್ರಸಾದ್ ಆದ. ಅವನು ಓದಿ, "ಅರೇ ಯಾರ್, ಇದು ನಿನ್ನ ಸ್ಟೋರಿ ಅಲ್ವಾ?" ಎಂದ. ನನ್ನ ಪತ್ರಕ್ಕೆ ಬೇರೆ ಏನಾದರೂ ಇರುತ್ತದೆ ಬಿಡು ಎಂದೆ. ಅಷ್ಟು ಧಾರಾಳ ಆಗ ನನಗೆ.

ಎರಡನೆಯ ವರ್ಷ ನಾನೂ ಅರ್ಜಿ ಹಾಕಿದೆ. ಕೆನಡಾದ ಒಬ್ಬ ಪ್ರಾಧ್ಯಾಪಕಿಗೆ ನನ್ನ ಪ್ರಾಜೆಕ್ಟಿನ ಬಗ್ಗೆ ಇಮೇಲ್ ಬರೆದಿದ್ದೆ. ನಾಲ್ಕೈದು ಸಲ ಪತ್ರ ವ್ಯವಹಾರವಾಯಿತು, ಒಂದು ಸಲ ವಿಡಿಯೋದಲ್ಲಿ ಮಾತಾಡಿದರು. ನಿನಗೆ ನನ್ನ ಲ್ಯಾಬಿನಲ್ಲಿ ಜಾಗ ಇದೆ, ಓದಲು ವಿದ್ಯಾರ್ಥಿವೇತನವೂ ಇದೆ, ಸಮಿತಿ ಒಪ್ಪಬೇಕು, ನಿನ್ನ ಪತ್ರಗಳು ಚೆನ್ನಾಗಿ ಬರಲಿ ಎಂದರು. ಆ ಲ್ಯಾಬಿನ ಒಂದು ಫೋಟೋ ನನ್ನ ಫೋನಿನಲ್ಲಿತ್ತು. ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತಾಗಲೂ ಅದನ್ನು ತೆಗೆದು ನೋಡುತ್ತಿದ್ದೆ. ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮುಟ್ಟದ ಹಾಗೆ ಬೀಗ ಹಾಕಿಟ್ಟಿದ್ದ ಒಂದೇ ಒಂದು ದುಬಾರಿ ಯಂತ್ರದಂಥವು ಅಲ್ಲಿ ಮೂರು ಸಾಲಾಗಿ ನಿಂತಿದ್ದವು. ಅಷ್ಟು ಆಸೆಯನ್ನು ನಾನು ಆಮೇಲೆ ಯಾವುದರ ಮೇಲೂ ಇಟ್ಟಿಲ್ಲ.

ಮೂರು ಪತ್ರ ಬೇಕಿತ್ತು. ಎರಡನ್ನು ಬೇರೆ ಮೇಡಮ್ಮುಗಳು ಕೊಟ್ಟರು. ಮೂರನೆಯದು ಪ್ರಾಜೆಕ್ಟಿನ ಮಾರ್ಗದರ್ಶಕರದು, ಅಂದರೆ ಸರ್‌ದು. ಲಿಂಕು ಅವರ ಇಮೇಲಿಗೆ ಬಂದದ್ದನ್ನು ನಾನೇ ನೋಡಿದೆ. ಅದರ ಹಿಂದೆ ಮುಂದೆ ಬಂದ ಲಿಂಕುಗಳನ್ನೆಲ್ಲ ತುಂಬಿ ಕಳಿಸಿದೆ. ನನ್ನದನ್ನು ಮಾತ್ರ ಮುಟ್ಟಲಿಲ್ಲ.

ಪ್ರಸಾದ್‌ಗೆ ತಲೆ ಕೆಟ್ಟುಹೋಯಿತು. "ಪಾಗಲ್ ಹೈ ಕ್ಯಾ? ಪಾಸ್‌ವರ್ಡ್ ನಿನ್ನ ಹತ್ರ ಇದೆ, ಎಲ್ಲರದ್ದೂ ನೀನೇ ಹಾಕ್ತೀಯ, ನಿನ್ನದು ಹಾಕ್ಲಿಕ್ಕೆ ಏನು ಪ್ರಾಬ್ಲಮ್?" ಎಂದು ಬೈದ.

ತೊಂದರೆ ಇದು. ನಮ್ಮ ಮನೆಯಲ್ಲಿ ಬಡಿಸಿದವರು ತಮ್ಮ ಎಲೆಗೆ ತಾವೇ ಬಡಿಸಿಕೊಳ್ಳುವ ಕ್ರಮ ಇಲ್ಲ. ಊರಿನ ಊಟದಲ್ಲಿ ಎಲ್ಲರದೂ ಮುಗಿದ ಮೇಲೆ ಬಡಿಸಿದವರು ಕೂರುತ್ತಾರೆ, ಅವರಿಗೆ ಇನ್ಯಾರೋ ಬಂದು ಬಡಿಸುತ್ತಾರೆ. ಬಡಿಸುವವರು ಕಾಣದಿದ್ದರೆ ಖಾಲಿ ಎಲೆಯ ಮುಂದೆ ಕಾಯುತ್ತಾರೆಯೇ ಹೊರತು ಎದ್ದು ಹಾಕಿಕೊಳ್ಳುವುದಿಲ್ಲ. ನಾನು ಮನೆಯಲ್ಲಿ ವಿಷಯ ಎತ್ತಿದಾಗ ಅಮ್ಮ ಗಾಬರಿಯಾದಳು. "ಎಂತ ಮಾರಾಯ್ತಿ, ನಿನ್ನನ್ನು ನೀನೇ ಹೊಗಳಿ ಬರೆದುಕೊಳ್ಳುದಾ? ನಾಚಿಕೆ ಆಗುದಿಲ್ವಾ?" ಎಂದಳು.

ಅಪ್ಪ ಮಾಟುಂಗದ ಒಂದು ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಂತು ತಲೆ ಹಣ್ಣಾದವರು. ಸರ್ ಅದೇ ಹೋಟೆಲಿಗೆ ವಾರಕ್ಕೆ ಎರಡು ಸಲ ರವೆ ದೋಸೆಗೆ ಬರುತ್ತಿದ್ದರು. ಒಳಗಿನಿಂದ ಬಗ್ಗಿ ನೋಡಿ ಸರ್ ಬಂದದ್ದು ಗೊತ್ತಾದರೆ ಅಪ್ಪ ದೋಸೆಯನ್ನು ಇನ್ನೊಂದು ನಿಮಿಷ ಕಲ್ಲಿನ ಮೇಲೆ ಬಿಡುತ್ತಿದ್ದರು, ಗರಿಗರಿಯಾಗಲಿ ಎಂದು. ಅಪ್ಪ ಹೇಳಿದರು: "ಕದ್ದು ಎಂತಕ್ಕೆ ಬರಿಯುದು? ದೊಡ್ಡವರ ಕೈಯಿಂದ ಬಂದ್ರೆ ಅದ್ರ ತೂಕವೇ ಬೇರೆ. ಇಷ್ಟು ಕೆಲಸ ಮಾಡಿ ಕೊಟ್ಟಿದ್ದಿ, ನಿನಗೊಂದು ಬರಿಯುದಿಲ್ವಾ ಅವರು? ಬಾಯಿ ಬಿಟ್ಟು ಕೇಳು."

ಕೇಳಿದೆ. "ಸರ್, ನನ್ನದನ್ನು ಮಾತ್ರ ನೀವೇ ಬರೆಯಬೇಕು" ಎಂದೆ. ಇಷ್ಟು ಹೇಳಲು ನನಗೆ ಬೆವರು ಬಂದಿತ್ತು.

ಅವರು ಕನ್ನಡಕ ತೆಗೆದರು, ಕಣ್ಣು ಒತ್ತಿಕೊಂಡರು, ಕ್ಯಾಲೆಂಡರ್ ನೋಡಲಿಲ್ಲ. ನನ್ನನ್ನೇ ನೋಡಿದರು. "ಬರೀತೀನವಾ. ನಿನ್ನದು ನಾ ಖುದ್ದ ಬರೀತೀನಿ" ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಸಂತೋಷಕ್ಕೆ ಅತ್ತದ್ದು, ಈಗ ನೆನೆದರೆ ಮೈ ಉರಿಯುತ್ತದೆ.

ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಮೆಲ್ಲನೆ ನೆನಪಿಸಿದೆ. "ಅದು ಆಗೇದ, ಹೋತು" ಎಂದರು. ಇಮೇಲು ತೆರೆದು ನೋಡಬಹುದಿತ್ತು, ನೋಡಲಿಲ್ಲ. ವಿದ್ಯಾರ್ಥಿ ನೋಡಬಾರದ್ದು ಅದು. ನಲವತ್ತು ಜನರದ್ದು ನೋಡಿ, ಬರೆದು, ಕಳಿಸಿದ ನನಗೆ ನನ್ನ ಸರದಿಯಲ್ಲಿ ಎಲ್ಲಿಲ್ಲದ ನಿಯತ್ತು ಬಂದಿತ್ತು.

ಮಾರ್ಚಿನಲ್ಲಿ ಉತ್ತರ ಬಂತು, ಸೀಟು ಇಲ್ಲ ಎಂದು. ಮಾರನೆಯ ದಿನ ಆ ಪ್ರಾಧ್ಯಾಪಕಿ ತಾವಾಗಿ ಒಂದು ಇಮೇಲ್ ಬರೆದರು. ನನಗೂ ಬೇಸರವಾಗಿದೆ, ಸಮಿತಿಯಲ್ಲಿ ನಿನ್ನ ಪರವಾಗಿ ಮಾತಾಡಿದೆ, ಆದರೆ ನಿನ್ನ ಮಾರ್ಗದರ್ಶಕರ ಪತ್ರದಲ್ಲಿ ನಿನ್ನ ಸಂಶೋಧನೆಯ ಬಗ್ಗೆ ಒಂದು ಮಾತೂ ಇರಲಿಲ್ಲ, ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ ಎಂದಿದ್ದರು. ಮುಂದಿನ ಸಲ ಅರ್ಜಿ ಹಾಕುವಾಗ ಬೇರೆಯವರಿಂದ ಪತ್ರ ತೆಗೆದುಕೋ ಎಂದೂ ಇತ್ತು.

ಆಗ ಚೀಟಿ ತೆಗೆದು ಸರ್ ಅವರ ಇಮೇಲ್ ತೆರೆದೆ. ಮನೆಯ ಅಡುಗೆಕೋಣೆಯಲ್ಲಿ ನಿಂತು, ಫೋನಿನಲ್ಲಿ. ಅವರು ತುಂಬಿ ಕಳಿಸಿದ ಶಿಫಾರಸಿನ ಒಂದು ನಕಲನ್ನು ವಿಶ್ವವಿದ್ಯಾಲಯದವರೇ ಅವರಿಗೆ ವಾಪಸು ಕಳಿಸಿದ್ದರು. ಸಮಯಪಾಲನೆ ಎಂಬಲ್ಲಿ ಅತ್ಯುತ್ತಮ. ಸಹಕಾರ ಎಂಬಲ್ಲಿ ಅತ್ಯುತ್ತಮ. ಸಂಶೋಧನೆಯ ಸಾಮರ್ಥ್ಯ ಎಂಬಲ್ಲಿ ಸಾಧಾರಣ. ಅದರ ಕೆಳಗೆ ಪತ್ರ, ಮೂರು ಸಾಲು. ಅವರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದರೆ ಇಷ್ಟು: "ಈ ಹುಡುಗಿ ಬಡ ಕುಟುಂಬದವಳು, ಬಹಳ ಒಳ್ಳೆಯ ನಡತೆ. ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡುತ್ತಾಳೆ, ಎದುರು ಮಾತಾಡುವುದಿಲ್ಲ. ನನ್ನ ಕಚೇರಿಯ ಪತ್ರವ್ಯವಹಾರದಲ್ಲಿ ಎರಡು ವರ್ಷ ತುಂಬಾ ಉಪಯೋಗಕ್ಕೆ ಬಂದಿದ್ದಾಳೆ."

ಗುಮಾಸ್ತೆಯ ಕೆಲಸಕ್ಕಾದರೆ ಆ ಪತ್ರಕ್ಕೆ ಕೂಡಲೇ ನೇಮಕವಾಗುತ್ತಿತ್ತು. ಅಮ್ಮ ಏನಾಯಿತು ಎಂದು ಕೇಳಿದಳು. ಪತ್ರದಲ್ಲಿ ಇದ್ದದ್ದನ್ನು ಹೇಳಿ, ಅಪ್ಪನಿಗೆ ಹೇಳಬೇಡ ಎಂದೆ. ಮರುವರ್ಷ ಯಾಕೆ ಅರ್ಜಿ ಹಾಕಲಿಲ್ಲ ಎಂದು ಎಷ್ಟೋ ಜನ ಕೇಳಿದ್ದಾರೆ. ಅಪ್ಪನ ಮಂಡಿನೋವು, ಪವಾಯಿಯಲ್ಲಿ ಸಿಕ್ಕ ಕೆಲಸ, ಹೀಗೆ ಏನೇನೋ ಹೇಳುತ್ತೇನೆ. ಮತ್ತೊಮ್ಮೆ ಯಾರ ಮುಂದಾದರೂ ನಿಂತು ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಿರಿ ಎಂದು ಕೇಳಬೇಕಿತ್ತು, ಅದು ನನ್ನಿಂದ ಆಗಲಿಲ್ಲ. ನಿಜವಾದ ಕಾರಣ ಅದೇ.

ಪತ್ರ ನೋಡಿದ ಮಾರನೆಯ ದಿನ ಕಾಲೇಜಿಗೆ ಹೋದೆ. ಲೋಕಲಿನಲ್ಲಿ ಇಡೀ ದಾರಿ ಮಾತುಗಳನ್ನು ಜೋಡಿಸಿಕೊಂಡೆ. ನೀವು ನನ್ನ ಬಾಳು ಹಾಳು ಮಾಡಿದಿರಿ ಎನ್ನಬೇಕು. ಬೇಕೆಂದೇ ಮಾಡಿದಿರಿ ಎನ್ನಬೇಕು. ಪಾಸ್‌ವರ್ಡಿನ ಚೀಟಿಯನ್ನು ಮೇಜಿನ ಮೇಲೆ ಎಸೆದು ಹೊರಡಬೇಕು. ಬೆಂಚಿನ ಮೇಲೆ ಕಲ್ಯಾಣದ ಒಬ್ಬ ಜೂನಿಯರ್ ಹುಡುಗಿ ಫೈಲು ತಬ್ಬಿಕೊಂಡು ಕೂತಿದ್ದಳು. ಅವಳನ್ನು ದಾಟಿ, ಬಾಗಿಲು ತಟ್ಟದೆ ಒಳಗೆ ಹೋದೆ.

"ಸರ್, ಕೆನಡಾಕ್ಕೆ ನೀವು ಕಳಿಸಿದ ನನ್ನ ಪತ್ರ ನೋಡಿದೆ."

"ಹಾಂ, ನೋಡಿದ್ಯಾ? ಚೊಲೋ ಆಗೇದಲ್ಲ?" ಅವರ ಮುಖ ಅರಳಿತು. "ಇಷ್ಟು ವರ್ಷದಾಗ ನಾ ಖುದ್ದ ಕೂತು ಬರದದ್ದು ಅದೊಂದ ಪತ್ರ ನೋಡವಾ. ನಿನ್ನ ಸಲುವಾಗಿ ಅಂತ. ಒಂದು ತಾಸು ಹಿಡೀತು ನನಗ."

ಸಿಟ್ಟಿನಿಂದ ಮಾಡಿದ್ದರೆ, ಹೊಟ್ಟೆಕಿಚ್ಚಿನಿಂದ ಮಾಡಿದ್ದರೆ, ನನಗೆ ಬಯ್ಯಲಿಕ್ಕೆ ಒಂದು ಜಾಗ ಸಿಗುತ್ತಿತ್ತು. ಅವರು ನಿಜವಾಗಿಯೂ ಹೊಗಳಿದ್ದರು. ಮೂವತ್ತು ವರ್ಷ ಬೇರೆಯವರು ಬರೆದ ಹೊಗಳಿಕೆಗೆ ಸಹಿ ಹಾಕಿದ ಮನುಷ್ಯ, ಒಬ್ಬಳನ್ನು ತಾನಾಗಿ ಹೊಗಳಲು ಕೂತಾಗ ಅವರಿಗೆ ಹೊಳೆದದ್ದು ಅಷ್ಟೇ. ಇದಕ್ಕೆ ನಾನು ಅವರನ್ನು ಕ್ಷಮಿಸಬೇಕು ಎಂದು ಕೆಲವರು ಹೇಳಬಹುದು. ನನಗೆ ಇದರಿಂದಲೇ ಹೆಚ್ಚು ಸಿಟ್ಟು.

"ಅದರಲ್ಲಿ ನನ್ನ ಪ್ರಾಜೆಕ್ಟಿನ ಬಗ್ಗೆ ಏನೂ ಇಲ್ಲ ಸರ್" ಎಂದೆ.

"ಪ್ರಾಜೆಕ್ಟ್ ಎಲ್ಲಾರೂ ಮಾಡ್ತಾರ. ಹೇಳಿದ ಮಾತು ಕೇಳೋರು ಎಷ್ಟು ಮಂದಿ ಇದ್ದಾರ ಈ ಕಾಲದಾಗ? ಇದಕಿಂತ ಹೆಚ್ಚಿಗಿ ಏನು ಬರೀಬೇಕಿತ್ತು?"

"ಸೀಟು ಸಿಗಲಿಲ್ಲ ಸರ್."

"ಸಿಗಲಿಲ್ಲಂದ್ರ ಬಿಡು. ಇಲ್ಲೇ ನನ್ನ ಕಡೆ ಪಿಎಚ್.ಡಿ. ಮಾಡು. ಎಲ್ಲಾರೂ ಹೋಗಿಬಿಟ್ರ ನನ್ನ ಪತ್ರ ಯಾರು ಬರಿಯೋರು?" ಎಂದು ನಕ್ಕರು. ನಗುತ್ತಲೇ ಕಂಪ್ಯೂಟರಿನ ಕಡೆ ಕೈ ತೋರಿಸಿದರು. "ಕೂಡು. ಆ ಕಲ್ಯಾಣದ ಹುಡುಗೀದು ಜರ್ಮನಿಗೆ ಇವತ್ತ ಹೋಗಬೇಕು. ಹೊರಗ ಕಾಯ್ತಾ ಕೂತದ ಪಾಪ."

ಚೀಟಿ ನನ್ನ ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾಗಿತ್ತು. ಲೋಕಲಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಬಾಯಿಯೊಳಗೇ ಇದ್ದವು, ಒಂದೂ ಮರೆತಿರಲಿಲ್ಲ. ಸರ್ ಪತ್ರಿಕೆ ಎತ್ತಿಕೊಂಡು ಪುಟ ತಿರುಗಿಸಿದರು. ನಾನು ಹೋಗಿ ಕುರ್ಚಿಯಲ್ಲಿ ಕೂತೆ, ಪಾಸ್‌ವರ್ಡ್ ಒತ್ತಿದೆ, ಲಿಂಕ್ ತೆರೆದೆ. ಎಲ್ಲ ಪ್ರಶ್ನೆಗೂ ಮೊದಲನೆಯದನ್ನು ಒತ್ತಿದೆ. ಆಮೇಲೆ ಪತ್ರ ಬರೆದೆ. ಆ ಹುಡುಗಿಯ ಪ್ರಾಜೆಕ್ಟಿನ ಬಗ್ಗೆ ಎಂಟು ಸಾಲು. ಕೊನೆಯಲ್ಲಿ ಹೀಗೆ: "ಈಕೆ ಸ್ವಂತ ಬುದ್ಧಿಯಿಂದ ಯೋಚಿಸುವವಳು. ತನಗೆ ಸರಿಯೆನಿಸದಿದ್ದರೆ ಎಷ್ಟು ದೊಡ್ಡವರ ಎದುರೂ ನಿಂತು ಅಲ್ಲ ಎಂದು ಹೇಳುವ ಧೈರ್ಯ ಇವಳಿಗಿದೆ."

"ಆತೇನವಾ?" ಎಂದು ಸರ್ ಪತ್ರಿಕೆಯ ಹಿಂದಿನಿಂದ ಕೇಳಿದರು.

"ಆಯಿತು ಸರ್" ಎಂದೆ.

"ಹಂಗಾರ ಕಳಸು."

ಕಳಿಸಿದೆ.